ಆ ಕಡೆ ಯಾರಿದ್ದಾರೆ ಎಂದು ಕೇಳುವ ದ್ವಾರಕಾಬಾಯಿ

ಬೆಳಗಿನ ಐದೂವರೆ. ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಎದುರು, ಹಳದಿ ಬೋರ್ಡಿನ ಕೆಳಗೆ, ದ್ವಾರಕಾಬಾಯಿ ತಮ್ಮ ಟೆಲಿಫೋನ್ ಬೂತಿನ ಶಟರ್ ಎತ್ತುತ್ತಾರೆ. ಬಲಗಾಲಿಗೆ ಕಬ್ಬಿಣದ ಪಟ್ಟಿ, ಎಡಗೈಯಲ್ಲಿ ಊರುಗೋಲು. ಶಟರಿಗೆ ಉಳಿಯುವುದು ಒಂದೇ ಕೈ. ಯಾರಾದರೂ ಸಹಾಯಕ್ಕೆ ಬಂದರೆ ಮೊದಲು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ನೋಡಿ ಮುಗಿಸುವುದರೊಳಗೆ ಶಟರ್ ಎದ್ದಿರುತ್ತದೆ. ಒಳಗೆ ಹೋದವರೇ ದೇವರ ಫೋಟೋಗೆ ಕೈ ಮುಗಿಯುವ ಮೊದಲು ರಿಸೀವರ್ ಎತ್ತಿ ಕಿವಿಗೆ ಹಿಡಿಯುತ್ತಾರೆ.

"ದೇವರು ಎಲ್ಲೂ ಹೋಗಂಗಿಲ್ರಿ," ಎನ್ನುತ್ತಾರೆ. "ಈ ಲೈನಿನ ಮ್ಯಾಲೆ ನನಗ ಭರವಸಾ ಇಲ್ಲ."

ಊರಿನ ಸ್ವಾಮಿಗಳ ಮಂದಿರದಲ್ಲಿ ನಸುಕಿನ ಕಾಕಡಾರತಿ ಮುಗಿಸಿ ಬರುವ ಭಕ್ತರೇ ಮೊದಲ ಗಿರಾಕಿಗಳು. ದರ್ಶನ ಆಯಿತು, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇವೆ, ಎಮ್ಮೆಗೆ ನೀರು ಕುಡಿಸಿರಿ ಎಂದು ಊರಿಗೆ ಸುದ್ದಿ ಹೋಗುತ್ತದೆ. ಬೂತಿನಲ್ಲಿ ಎರಡು ಫೋನು, ಒಂದು ಗಾಜಿನ ಕ್ಯಾಬಿನ್. ಸಾದಾ ದಿನ ಎಂಬತ್ತು ಕರೆ, ಸ್ವಾಮಿಗಳ ವಾರವಾದ ಗುರುವಾರ ಇನ್ನೂರರ ಹತ್ತಿರ. ಮುಂಜಾನೆಯಿಂದ ರಾತ್ರಿ ಒಂಬತ್ತರವರೆಗೆ ಒಂದೇ ಕುರ್ಚಿ. ಆರು ವರ್ಷದಲ್ಲಿ ಬೂತ್ ಮುಚ್ಚಿದ್ದು ಎರಡೇ ದಿನ, ಅದೂ ತಂದೆ ತೀರಿಕೊಂಡಾಗ.

ಅನುಮಾನ ಇವರ ಹುಟ್ಟುಗುಣ. ಹಾಲಿನವನು ಹಾಲು ಹಾಕಿದರೆ ಬೆರಳು ಅದ್ದಿ ನೋಡುತ್ತಾರೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತಾರೆ. ಈ ಲೇಖನಕ್ಕೆಂದು ಪತ್ರಿಕೆಯಿಂದ ಬಂದವರನ್ನೂ ಬಿಟ್ಟಿಲ್ಲ. ಗುರುತಿನ ಚೀಟಿ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಸಾಲಲಿಲ್ಲ. ಪತ್ರಿಕೆಯ ಕೊನೆಯ ಪುಟದಿಂದ ಕಚೇರಿಯ ನಂಬರ್ ಹುಡುಕಿ ಅಲ್ಲಿಗೇ ಫೋನ್ ಹಚ್ಚಿದರು. "ಇಂಥ ಹೆಸರಿನವರು ನಿಮ್ಮಲ್ಲಿ ಅದಾರೇನ್ರಿ? ನೋಡಾಕ ಹ್ಯಾಂಗದಾರ?" ಚೀಟಿಯ ಮೇಲೆಯೇ ನಂಬರ್ ಇತ್ತಲ್ಲ ಎಂದರೆ, "ಅದನ್ನ ನೀವ ಬರೆಸಿರ್ತೀರಿ" ಎಂಬ ಉತ್ತರ ಸಿದ್ಧ.

ಊರಲ್ಲಿ ಇದನ್ನು ಹೇಳಿಕೊಂಡು ನಗುವವರು ಬಹಳ. ನಗಲಿ. ಈ ಅನುಮಾನ ಒಂದು ಹುಡುಗಿಯನ್ನು ಕಾಪಾಡಿದ್ದು ಅವರಿಗೆ ಗೊತ್ತಿಲ್ಲ. ಇಲ್ಲಿ ಹೇಳುವುದಕ್ಕೂ ದ್ವಾರಕಾಬಾಯಿ ಕರಾರು ಹಾಕಿದ್ದಾರೆ: ಹುಡುಗಿಯ ಹೆಸರು, ಅಪ್ಪ-ಅವ್ವನ ಹೆಸರು, ಡಾಕ್ಟರರ ಹೆಸರು ಎಲ್ಲ ಬೇರೆ ಇರಬೇಕು. ಹುಡುಗಿಯ ತಾಯಿಯನ್ನು ಕೇಳಿ, ಅವರು ಹೂಂ ಎಂದ ಮೇಲೆಯೇ ಬಾಯಿ ಬಿಟ್ಟಿದ್ದು.

ದ್ವಾರಕಾಬಾಯಿಗೆ ಈಗ ನಲವತ್ಮೂರು. ತಂದೆ ಪ್ರಹ್ಲಾದರಾಯರು ಅಕ್ಕಲಕೋಟೆಯ ಕೋರ್ಟಿನಲ್ಲಿ ಕಾರಕೂನರಾಗಿದ್ದರು. ಮೂರನೆಯ ವಯಸ್ಸಿಗೆ ಪೋಲಿಯೋ ಬಂದು ಬಲಗಾಲು ಹೋಯಿತು. ನಾಲ್ಕನೆಯ ತರಗತಿಯವರೆಗೆ ಕನ್ನಡ ಸಾಲೆ, ಮುಂದೆಲ್ಲ ಮರಾಠಿ. ಬಿ.ಎ. ಮುಗಿಸಿ ಹನ್ನೊಂದು ಕಡೆ ಸಂದರ್ಶನಕ್ಕೆ ಹೋಗಿಬಂದರು. ಹನ್ನೊಂದೂ ಕಡೆ ಸರ್ಟಿಫಿಕೇಟು ನೋಡುವ ಮೊದಲು ಕಾಲು ನೋಡಿದರು. ತೊಂಬತ್ತೆರಡರಲ್ಲಿ ಅಂಗವಿಕಲರ ಕೋಟಾದಲ್ಲಿ ಈ ಬೂತ್ ಸಿಕ್ಕಿತು.

"ಕಾಲಿನ ಕೆಲಸ ನನಗ ಕೊಡಲಿಲ್ಲ, ಕಿವಿ ಕೆಲಸ ಸಿಕ್ತು ಅಂತ ಖುಷಿ ಪಟ್ಟಿನಿ," ಎಂದು ನಗುತ್ತಾರೆ. "ಆಮ್ಯಾಲ ತಿಳೀತು, ಬೂತಿನವರಿಗೆ ಕಿವಿನೂ ಇರಬಾರದು ಅಂತ. ಕ್ಯಾಬಿನ್‌ದಾಗ ಯಾರು ಅತ್ರೂ ನಾವು ಗಡಿಯಾರ ನೋಡಬೇಕ್ರಿ."

ಸೋಲಾಪುರದ ವ್ಯಾಪಾರಿ ಮನೆಗಳಲ್ಲಿ ಫೋನಿಗೆ ಬರವಿಲ್ಲ. ಬರವಿರುವುದು ಗುಟ್ಟಿಗೆ. ಮನೆಯ ಫೋನೂ ಅಂಗಡಿಯ ಫೋನೂ ಒಂದೇ ಲೈನು. ಹೆಂಡತಿ ತವರಿಗೆ ಮಾತಾಡಿದರೆ ಅಂಗಡಿಯ ಗುಮಾಸ್ತ ರಿಸೀವರ್ ಎತ್ತಿ ಎಲ್ಲ ಕೇಳಬಲ್ಲ. ಹೀಗಾಗಿ ನಾಲ್ಕು ಮಂದಿಗೆ ತಿಳಿಯಬಾರದ ಮಾತಿದ್ದರೆ ಅವರು ಗುರುವಾರ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟೆಯ ಬಸ್ಸು ಹತ್ತುತ್ತಾರೆ. ದರ್ಶನವೂ ಆಗುತ್ತದೆ, ಫೋನೂ ಆಗುತ್ತದೆ. ಕೂಡಿಬರದ ಲಗ್ನ, ಹೇಳಲಾಗದ ಬೇನೆ, ಅಣ್ಣತಮ್ಮಂದಿರ ಆಸ್ತಿ ಪಾಲಿನ ವಾಟ್ನಿ ಎಲ್ಲವೂ ಈ ಕ್ಯಾಬಿನ್ನಿನಿಂದ ಹೋಗಿವೆ.

ಹೋದ ವರ್ಷ ಶ್ರಾವಣದ ಒಂದು ಗುರುವಾರ ಅರಿವೆ ವ್ಯಾಪಾರಿ ಶಿವಶರಣಪ್ಪ, ಅವರ ಹೆಂಡತಿ ರತ್ನಾಬಾಯಿ ಮಗಳನ್ನು ಕರೆದುಕೊಂಡು ಬಂದರು. ಮನೆ ಸೋಲಾಪುರದ ವಿಜಾಪುರ ರಸ್ತೆಯಲ್ಲಿ. ಮಗಳು ಸ್ನೇಹಲ ಒಂಬತ್ತನೆಯ ತರಗತಿ. ಎರಡು ತಿಂಗಳಿಂದ ಸಾಲೆಯ ಹೊತ್ತಾದರೆ ವಾಂತಿ. ಯಾರ ಜೊತೆಗೂ ಮಾತಿಲ್ಲ. ಹೊಟ್ಟೆಯ ಡಾಕ್ಟರು ಏನೂ ಇಲ್ಲ ಎಂದು ಕಳಿಸಿದ್ದರು. ದೃಷ್ಟಿ ತೆಗೆಸಿಯೂ ಆಗಿತ್ತು. ಅಷ್ಟರಲ್ಲಿ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತ್ತು: ಮಕ್ಕಳ ಮನಸ್ಸಿನ ತೊಂದರೆಗೆ ಪುಣೆಯ ತಜ್ಞರಿಂದ ಫೋನಿನಲ್ಲೇ ಉಪಚಾರ, ಎಲ್ಲ ಗುಪ್ತ. ಆ ಗುಪ್ತ ಎಂಬ ಒಂದು ಶಬ್ದಕ್ಕೆ ಶಿವಶರಣಪ್ಪ ಸೋತುಹೋದರು.

ಮೊದಲ ವಾರ ಅವರೇ ನಂಬರ್ ಒತ್ತಿ, ಮಗಳ ಕೈಗೆ ರಿಸೀವರ್ ಕೊಟ್ಟು, ಹೊರಗೆ ಬೆಂಚಿನ ಮೇಲೆ ಕೂತರು. ಎರಡನೆಯ ವಾರವೂ ಕೂತರು. ಮೂರನೆಯ ವಾರ ಭರವಸೆ ಬಂದು ಗಂಡಹೆಂಡತಿ ಮಂದಿರದ ಪಾಳಿಗೆ ಹೋಗಿ ನಿಂತರು. ನಾಲ್ಕನೆಯ ವಾರ ಹುಡುಗಿ ತಾನೇ ನಂಬರ್ ಒತ್ತಿತು.

ಕ್ಯಾಬಿನ್ನಿನಲ್ಲಿ ಒತ್ತಿದ ಅಂಕಿ ದ್ವಾರಕಾಬಾಯಿಯ ಮುಂದಿನ ಮೀಟರಿನಲ್ಲಿ ಕೆಂಪಾಗಿ ಮೂಡುತ್ತದೆ. ಅಂದು ಮೂಡಿದ್ದು ಹಳೆಯ ನಂಬರ್ ಆಗಿರಲಿಲ್ಲ. ಪ್ರತಿ ವಾರ ಅರ್ಧ ತಾಸು ಹಿಡಿಯುತ್ತಿದ್ದ ಮಾತು ನಾಲ್ಕು ನಿಮಿಷಕ್ಕೆ ಮುಗಿಯಿತು. ಒಂದು ತಿಂಗಳಿಂದ ನೆಲ ನೋಡುತ್ತಿದ್ದ ಹುಡುಗಿ ನಗುತ್ತ ಹೊರಬಂತು. ನೋಡಿದವರು ಸಂತೋಷಪಡಬೇಕಾದ ಹೊತ್ತು. ದ್ವಾರಕಾಬಾಯಿ ಇನ್ನೊಮ್ಮೆ ಮೀಟರ್ ನೋಡಿದರು.

"ನಂಬರ್ ಬದಲಾತೇನವಾ?" ಎಂದು ಕೇಳಿದರು.

"ಇದು ಸರ್ ಅವರ ಸ್ವಂತದ್ದು, ಮಾವಶಿ. ನನಗಷ್ಟ ಕೊಟ್ಟಾರ."

"ಮತ್ತೇನಂದ್ರು?"

ಹುಡುಗಿ ಮಂದಿರದ ದಾರಿಯ ಕಡೆ ನೋಡಿತು. ಸಂಭ್ರಮ ಹೊಟ್ಟೆಯಲ್ಲಿ ನಿಲ್ಲಲಿಲ್ಲ. "ಸೋಮವಾರ ಪುಣೆಗೆ ಬಾ ಅಂದಾರ. ಒಬ್ಬಾಕಿನ. ಅಪ್ಪ-ಅವ್ವಗ ಇದೆಲ್ಲಾ ತಿಳಿಯಂಗಿಲ್ಲಂತ. ಸ್ಟ್ಯಾಂಡಿಗೆ ಅವರ ಬರ್ತಾರಂತ. ನೀವು ಯಾರ ಮುಂದೂ ಹೇಳಬ್ಯಾಡ್ರಿ."

ದ್ವಾರಕಾಬಾಯಿ ಇಕ್ಕಟ್ಟಿಗೆ ಸಿಕ್ಕರು. ಬೂತಿನವರಿಗೆ ಕಿವಿ ಇರಬಾರದು ಎಂದು ಐದು ವರ್ಷ ಪಾಲಿಸಿದ ನೇಮ ಒಂದು ಕಡೆ. ತನ್ನನ್ನು ನಂಬಿ ಹೇಳಿದ ಮಗು ಇನ್ನೊಂದು ಕಡೆ. ತಾಯಿತಂದೆ ಪ್ರಸಾದ ಹಿಡಿದು ಬರುವವರೆಗೆ ಹತ್ತು ನಿಮಿಷ ಇತ್ತು. ಅಷ್ಟರಲ್ಲಿ ಹುಡುಗಿಗೆ ಒಂದು ಮಾತು ಹೇಳಿದರು: "ಇದನ್ನ ನಾ ಹೊಟ್ಟಿಯಾಗ ಇಟ್ಕೊಳ್ಳಂಗಿಲ್ಲ ತಂಗಿ. ನಿನ್ನ ಹಿಂದ ಹೇಳಂಗಿಲ್ಲ, ನಿನ್ನ ಮುಂದನ ಹೇಳ್ತೀನಿ."

ಸ್ನೇಹಲ ಅತ್ತಳು, ಕೈ ಹಿಡಿದುಕೊಂಡಳು. ಕೊನೆಗೆ ಕೈ ಬಿಟ್ಟು, "ನೀವೂ ಎಲ್ಲಾರ ಹಂಗ ಅದೀರಿ," ಎಂದಳು.

ಹೇಳಿದ್ದಕ್ಕೆ ಸಿಕ್ಕಿದ್ದು ಬೈಗುಳ. ಶಿವಶರಣಪ್ಪನವರಿಗೆ ಮೊದಲು ಬಂದದ್ದು ಆ ಪುಣೆಯವನ ಮೇಲಿನ ಅನುಮಾನವಲ್ಲ, ಬೂತಿನವಳ ಮೇಲಿನ ಅನುಮಾನ. "ಕದ್ದು ಕೇಳ್ತೀರೇನು? ಮರ್ಯಾದಸ್ಥರ ಮನಿ ಮಾತದು."

"ಕೇಳಿಲ್ಲ ಸಾವ್ಕಾರ್ರ, ಮೀಟರ್ ನೋಡೀನಿ. ಉಳದದ್ದು ಹುಡುಗಿನ ಹೇಳ್ಯಾಳ," ಎಂದರು ದ್ವಾರಕಾಬಾಯಿ. "ಒಂದು ಮಾತು ಕೇಳ್ತೀನಿ. ಸುರತದಿಂದ ಹೊಸಾ ವ್ಯಾಪಾರಿ ಅರಿವಿ ಕಳಸ್ತೀನಿ ಅಂದ್ರ ಎಷ್ಟು ಕಡೆ ವಿಚಾರಸ್ತೀರಿ?"

"ನಾಕು ಕಡೆ ವಿಚಾರಸ್ತೀವಿ. ಅದಕ್ಕ ಏನೀಗ?"

"ಈ ಮನಿಶ್ಯಾನ ಬಗ್ಗೆ ಎಷ್ಟು ಕಡೆ ವಿಚಾರಿಸೀರಿ?"

ಶಿವಶರಣಪ್ಪ ಎಲ್ಲೂ ವಿಚಾರಿಸಿರಲಿಲ್ಲ. ವಿಚಾರಿಸುವುದಾದರೂ ಹೇಗೆ? ಒಬ್ಬರನ್ನು ಕೇಳಿದರೆ ಮಗಳ ವಿಷಯ ಪೇಟೆಗೆಲ್ಲ ಹಬ್ಬುತ್ತದೆ. ಮುಚ್ಚಿಡಲೆಂದೇ ನಲವತ್ತು ಕಿಲೋಮೀಟರ್ ಬಂದವರು, ಮುಚ್ಚಿಟ್ಟಿದ್ದರಿಂದಲೇ ಯಾರನ್ನೂ ಕೇಳಲಾರದೆ ಹೋದರು. ಇನ್ನು ಈ ಬೂತಿನ ಮೆಟ್ಟಿಲು ತುಳಿಯುವುದಿಲ್ಲ ಎಂದು ಹೇಳಿ ಮಗಳನ್ನು ಎಳೆದುಕೊಂಡು ಹೊರಟರು. ಆದರೆ ಸಂಜೆ ಮಗಳಿಂದ ಆ ಹೊಸ ನಂಬರ್ ಇಸಿದುಕೊಂಡು ಅಂಗಡಿಯಿಂದ ಫೋನ್ ಹಚ್ಚಿದರಂತೆ. ಹುಡುಗಿಯ ಅಪ್ಪ ಎಂದೊಡನೆ ಆ ಕಡೆಯವನು ಕಟ್ ಮಾಡಿದ. ಮತ್ತೆ ಎತ್ತಲಿಲ್ಲ. ಪುಣೆಯ ದಲಾಲರೊಬ್ಬರನ್ನು, ಗೆಳೆಯನ ಮಗಳಿಗಾಗಿ ಎಂದು ಸುಳ್ಳು ಹೇಳಿ, ಜಾಹೀರಾತಿನ ವಿಳಾಸಕ್ಕೆ ಕಳಿಸಿದರು. ಅಲ್ಲಿದ್ದದ್ದು ಮುಚ್ಚಿಹೋದ ಟೈಪಿಂಗ್ ಕ್ಲಾಸು.

ಪೊಲೀಸರಿಗೆ ಹೇಳಿರೆಂದು ದ್ವಾರಕಾಬಾಯಿ ಹೇಳಿಕಳಿಸಿದರೂ ಶಿವಶರಣಪ್ಪ ಒಪ್ಪಲಿಲ್ಲ. ಆ ಸಿಟ್ಟು ದ್ವಾರಕಾಬಾಯಿಗೆ ಇನ್ನೂ ಇಳಿದಿಲ್ಲ. "ಅಂವ ಎಲ್ಲೋ ಕುಂತು ಬ್ಯಾರೆ ಹೆಸರಿನ್ಯಾಗ ಇನ್ನೊಂದು ಮನಿ ಹುಡಕಾಕತ್ತಾನ ನೋಡ್ರಿ," ಎನ್ನುತ್ತಾರೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಪೇಪರಿನ ಸಣ್ಣ ಜಾಹೀರಾತುಗಳನ್ನೆಲ್ಲ ಓದುವುದು ಅಂದಿನಿಂದ ರೂಢಿ. ಮಕ್ಕಳ ಮನಸ್ಸು ಎಂದು ಕಂಡರೆ ತಾವೇ ತಾಯಿಯಂತೆ ಫೋನ್ ಹಚ್ಚಿ ಎಲ್ಲಿ ಓದಿದಿರಿ, ಯಾವ ದವಾಖಾನೆ, ನಾಳೆ ಬಂದರೆ ಭೇಟಿಯಾಗುತ್ತೀರಾ ಎಂದು ಕೇಳುತ್ತಾರೆ. ತೊದಲಿದರೆ ಆ ಜಾಹೀರಾತು ಕತ್ತರಿಸಿ ಕ್ಯಾಬಿನ್ನಿನ ಗಾಜಿಗೆ ಅಂಟಿಸುತ್ತಾರೆ, ಮೇಲೆ ಕೆಂಪು ಪೆನ್ನಿನ ಗೀಟು.

ಮೂರು ವಾರದ ಮೇಲೆ ರತ್ನಾಬಾಯಿ ಒಬ್ಬರೇ ಬಂದರು. ಹುಡುಗಿ ಊಟ ಬಿಟ್ಟು ಕೋಣೆ ಹಿಡಿದಿದ್ದಾಳೆ. "ಇನ್ನ ಯಾರನ್ನ ನಂಬೂಣ್ರಿ ದ್ವಾರಕಾಬಾಯಾರ?"

"ಯಾರನ್ನೂ ನಂಬಬ್ಯಾಡ್ರಿ. ವಿಚಾರ ಮಾಡೂಣು."

ಪುಣೆಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹಚ್ಚಿದ ಫೋನು ಏಳು ಕೈ ದಾಟಿ ಮಕ್ಕಳ ಮಾನಸಿಕ ವಿಭಾಗದ ಡಾಕ್ಟರ್ ಶರ್ವರಿಯವರ ಹತ್ತಿರ ನಿಂತಿತು. ವಿಷಯ ಕೇಳಿದ ಅವರು, ಹುಡುಗಿಯನ್ನು ಎದುರಿಗೆ ಕಾಣದೆ ಫೋನಿನಲ್ಲಿ ಉಪಚಾರ ಮಾಡುವುದಿಲ್ಲ, ಕರೆತನ್ನಿ ಎಂದು ಖಡಾಖಂಡಿತ ಹೇಳಿದರು. ರತ್ನಾಬಾಯಿಯ ಮುಖ ಸಣ್ಣದಾಯಿತು. ದ್ವಾರಕಾಬಾಯಿಗೆ ಮಾತ್ರ ಅಂದು ಮೊದಲ ಸಲ ಸಮಾಧಾನವೆನಿಸಿತು. "ಒಲ್ಲೆ ಅಂದ್ರಲ್ರಿ, ಅದಕ್ಕ ನಂಬಿದೆ," ಎನ್ನುತ್ತಾರೆ. ನಂಬಿದ ಮೇಲೂ ಮರುದಿನ ಆಸ್ಪತ್ರೆಯ ಮುಖ್ಯ ನಂಬರಿಗೆ ಫೋನ್ ಮಾಡಿ, ಆ ಹೆಸರಿನ ಡಾಕ್ಟರು ಇರುವುದು ಖರೆಯೋ ಎಂದು ಕೇಳಿದರು.

ಅಪ್ಪ-ಅವ್ವ-ಮಗಳು ಎರಡು ಸಲ ಪುಣೆಗೆ ಹೋಗಿಬಂದರು. ಪ್ರತಿ ಹದಿನೈದು ದಿನಕ್ಕೆ ಅಷ್ಟು ದೂರ ಹೋಗುವುದು ಆಗದ ಮಾತು ಎಂದಾಗ, ನಡುನಡುವೆ ಫೋನಿನಲ್ಲಿ ಮಾತಾಡೋಣ, ಮೂರು ತಿಂಗಳಿಗೊಮ್ಮೆ ಮುಖ ನೋಡಲೇಬೇಕು ಎಂದು ಡಾಕ್ಟರೇ ಗೊತ್ತು ಮಾಡಿದರು. ಹುಡುಗಿ ಹೇಳಿದ್ದು ಅಪ್ಪ-ಅವ್ವನಿಗೆ ತಿಳಿಯುವುದಿಲ್ಲ. ಆದರೆ ಜೀವಕ್ಕೆ ಅಪಾಯ ಎನ್ನಿಸಿದರೆ, ಯಾರಾದರೂ ಕೇಡು ಮಾಡುತ್ತಿದ್ದಾರೆ ಎನ್ನಿಸಿದರೆ ಹೇಳುತ್ತೇನೆ ಎಂದು ಹುಡುಗಿಯ ಎದುರಿಗೇ ಮೊದಲ ದಿನ ಹೇಳಿದರು. ರಾತ್ರಿ-ಹಗಲು ಏನಾದರೂ ಹೆಚ್ಚುಕಡಿಮೆಯಾದರೆ ಫೋನಿಗೆ ಕಾಯದೆ ಸೋಲಾಪುರದ ಯಾವ ಆಸ್ಪತ್ರೆಗೆ ಓಡಬೇಕೆಂಬುದನ್ನೂ ಬರೆದುಕೊಟ್ಟರು.

ಫೋನಿನ ಮೊದಲ ದಿನ ಶಿವಶರಣಪ್ಪ ಕೌಂಟರಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು, ಒಳಗಿನ ಮಾತು ಕೇಳಲು ಇನ್ನೊಂದು ರಿಸೀವರ್ ಇದೆಯೇ ಎಂದು. ಹಿಂದೆ ಕದ್ದು ಕೇಳುತ್ತೀರೇನು ಎಂದು ಗದರಿಸಿದ ಮನುಷ್ಯ ಇವರೇ.

"ಇಲ್ರಿ. ಹೋಗಿ ಚಹಾ ಕುಡದ ಬರ್ರಿ," ಎಂದರು ದ್ವಾರಕಾಬಾಯಿ.

ಸುದ್ದಿ ಬಾಯಿಂದ ಬಾಯಿಗೆ ಊರು ದಾಟಿ, ಡಾಕ್ಟರರ ಜೊತೆ ಫೋನಿನಲ್ಲಿ ಮಾತಾಡಲು ಈಗ ಇನ್ನೂ ನಾಲ್ಕು ಮಕ್ಕಳು ಬರುತ್ತಾರೆ, ಒಬ್ಬರು ಮಂದ್ರೂಪದಿಂದ. ಆ ಹೊತ್ತಿಗೆ ಕ್ಯಾಬಿನ್ನಿಗೆ ಪರದೆ, ಬೇರೆ ಗಿರಾಕಿಗಳಿಗೆ ಹೊರಗಿನ ಫೋನು. ಜಗಳ ಬಂದರೆ ಊರುಗೋಲು ಕೌಂಟರಿನ ಮೇಲೆ ಏರುತ್ತದೆ. ತಾಯಿತಂದೆಗೆ ಹೇಳುವ ಮಾತು ಎಲ್ಲರಿಗೂ ಒಂದೇ: "ಆ ಕಡೆ ಇರೋರ ಮುಖ ನೋಡೀರೇನು? ಅವರು ಕೂಸಿನ ಮಾತು ಒಳಗ ಇಟ್ಕೊಂಡ್ರ ಅದು ಡಾಕ್ಟರಿಕಿ. ತಮ್ಮ ಮಾತು ಮನ್ಯಾಗ ಹೇಳಬ್ಯಾಡ ಅಂತ ಕೂಸಿಗೆ ಆಣಿ ಹಾಕಿದ್ರ ಫೋನ್ ಕಿತ್ತ ಒಗೀರಿ."

ಸ್ನೇಹಲ ಈಗ ಹತ್ತನೆಯ ತರಗತಿ. ಸಾಲೆ ತಪ್ಪಬಾರದೆಂದು ಡಾಕ್ಟರು ಮಾತಿನ ದಿನವನ್ನು ಶನಿವಾರ ಸಂಜೆಗೆ ಬದಲಿಸಿದ್ದಾರೆ. ಶನಿವಾರ ಎಂಥಾ ದರ್ಶನ ಎಂದು ನೆರೆಯವರು ಕೇಳಿದರೆ, ಮಗಳ ಡಾಕ್ಟರ ಹತ್ತಿರ ಮಾತಾಡುವುದಿದೆ ಎಂದು ರತ್ನಾಬಾಯಿ ನೇರ ಹೇಳುತ್ತಾರೆ. ವಾಂತಿ ನಿಂತಿದೆ. ಅದರ ಮೂಲ ಏನಿತ್ತೆಂದು ದ್ವಾರಕಾಬಾಯಿಗೆ ತಿಳಿಯದು. ಕೇಳಿದ್ದಕ್ಕೆ ಪತ್ರಿಕೆಯವರಿಗೇ ಬೈದರು. ಹೋದ ತಿಂಗಳು ಶಿವಶರಣಪ್ಪ ಅಂಗಡಿಯ ಲೈನು ಬೇರೆ ಮಾಡಿಸಿ, ಇನ್ನು ಮನೆಯಿಂದಲೇ ಮಾತಾಡು ಎಂದರಂತೆ. ಹುಡುಗಿ ಒಪ್ಪಲಿಲ್ಲ. ಅಕ್ಕಲಕೋಟೆಗೇ ಹೋಗೋಣ ಎಂದಳಂತೆ.

ಹಾಗೆಂದು ದ್ವಾರಕಾಬಾಯಿಯ ಜೊತೆ ಅವಳು ಮಾತಾಡುವುದಿಲ್ಲ. ಆ ಗುರುವಾರದಿಂದ ಇವತ್ತಿನವರೆಗೆ ಒಂದು ಶಬ್ದವಿಲ್ಲ. ಬರುತ್ತಾಳೆ, ಮುಖ ತಿರುಗಿಸಿಕೊಂಡೇ ಪರದೆಯ ಒಳಗೆ ಹೋಗುತ್ತಾಳೆ, ಮುಗಿಸಿ ಹಾಗೆಯೇ ಹೊರಡುತ್ತಾಳೆ. ನೋವಾಗುವುದಿಲ್ಲವೇ ಎಂದರೆ ದ್ವಾರಕಾಬಾಯಿ ಮುಚ್ಚಿಡುವುದಿಲ್ಲ.

"ಆಗ್ತದ್ರಿ, ಯಾಕ ಸುಳ್ಳು ಹೇಳಲಿ. ನನ್ನ ನಂಬಿ ಹೇಳಿದ್ಲು, ನಾ ಮುರದೆ. ಸಿಟ್ಟು ಇರಲಿ. ಜಲಮ ಪೂರ್ತಿ ಇರಲಿ. ಸಿಟ್ಟು ಮಾಡಾಕ ಹುಡುಗಿ ಮನ್ಯಾಗ ಅದಾಳಲ್ಲ."