ಅಜ್ಜಿಯ ತವರುಮನೆ ಕೇಳುವ ಉದ್ಯೋಗ

ಕಂಡವರ ಅಜ್ಜಿಯ ತವರುಮನೆ ಯಾವುದೆಂದು ಕೇಳುತ್ತ ತಿರುಗುವುದೂ ಒಂದು ಉದ್ಯೋಗವೆಂದು ಮುಂಬಯಿಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮ ಧಾರವಾಡದಲ್ಲಿ ಅದನ್ನು ಅಧಿಕಪ್ರಸಂಗ ಎನ್ನುತ್ತಿದ್ದರು. ವಿಶ್ವವಿದ್ಯಾಲಯದವರು ಅದಕ್ಕೆ ಮಾನವಶಾಸ್ತ್ರವೆಂದು ಹೆಸರಿಟ್ಟು ನನಗೊಂದು ಕುರ್ಚಿಯನ್ನೂ ಕೊಟ್ಟಿದ್ದರು.

ನಮ್ಮ ವಿಭಾಗದಲ್ಲಿ 'ಊಟ ಆಯಿತೇ' ಎಂದು ಯಾರೂ ಕೇಳುತ್ತಿರಲಿಲ್ಲ. 'ನಿಮ್ಮಲ್ಲಿ ಸೋದರಮಾವನ ಮಗಳನ್ನು ಮಾಡಿಕೊಳ್ಳುತ್ತಾರೆಯೇ?' ಎಂಬುದೇ ಕುಶಲಪ್ರಶ್ನೆ. ಮೂರು ಗಂಟೆಯ ಚಹಾಕ್ಕೆ ಗುಜರಾತಿ, ಮರಾಠಿ, ಮಲಯಾಳಿಗಳೆಲ್ಲ ಒಂದೇ ಮೇಜಿನ ಸುತ್ತ ಕೂತು, ಆ ವಾರ ಯಾರ ಯಾರ ಮನೆಯ ಒಳಸಂಗತಿ ಕೆದಕಿ ಬಂದೆವೆಂದು ಓದಿ ಹೇಳುತ್ತಿದ್ದೆವು. ಊರ ಯಾವ ಕಟ್ಟೆಪಂಚಾಯಿತಿಗೂ ಇದು ಕಡಿಮೆಯಿರಲಿಲ್ಲ. ನಾವು ಅಡಿಟಿಪ್ಪಣಿ ಹಾಕುತ್ತಿದ್ದೆವು, ಅಷ್ಟೆ.

ಪರೀಕ್ಷೆಯ ಪ್ರಬಂಧಕ್ಕೆಂದು ನನ್ನ ಪಾಲಿಗೆ ಬಂದದ್ದು ಘಾಟ್ಕೋಪರಿನ ಒಂದು ಚಾಳು. ಅಲ್ಲಿ ಬಿಜಾಪುರದ ನರಸಿಂಗರಾಯರೆಂಬ ರೈಲ್ವೆ ಗುಮಾಸ್ತರಿದ್ದರು. ಭಾನುವಾರ ಭಾನುವಾರ ಹೋಗಿ ಅವರ ವಂಶಾವಳಿ ಬರೆದುಕೊಳ್ಳುತ್ತಿದ್ದೆ. ಎರಡನೆಯ ವಾರ, ಹುಡುಗಿಯನ್ನು ಎಂಥವರಿಗೆ ಕೊಡಬಹುದು, ಎಂಥವರಿಗೆ ಕೊಡಬಾರದು ಎಂದು ಕೇಳಿದೆ. ಪ್ರಶ್ನಾವಳಿಯಲ್ಲಿ ಇತ್ತು, ಕೇಳಿದೆ.

ರಾಯರು ಹಿಗ್ಗಿದರು. "ನಿಮ್ಮ ಗೋತ್ರ ಯಾವುದ್ರಿ?" ಎಂದರು. ಕೇಳಿದವರಿಗೆ ಸಂಕೋಚವಿಲ್ಲದೆ ಉತ್ತರ ಕೊಟ್ಟರೆ ವಿಶ್ವಾಸ ಬೆಳೆಯುತ್ತದೆಂದು ನಮ್ಮ ಪ್ರೊಫೆಸರರ ಉಪದೇಶವಿತ್ತು. ಗೋತ್ರ, ನಕ್ಷತ್ರ, ತಂದೆಯ ಹೊಲಮನೆ ಎಲ್ಲ ಹೇಳಿಬಿಟ್ಟೆ. ಮುಂದಿನ ವಾರದಿಂದ ಉಪ್ಪಿಟ್ಟಿಗೆ ಗೋಡಂಬಿ ಬಿತ್ತು. ಅದನ್ನು ತಂದುಕೊಡುವವಳು ಹಿರಿಯ ಮಗಳು ಶಾಂತಾ, ರೇಷ್ಮೆ ಸೀರೆ ಉಟ್ಟು. 'ಭಾನುವಾರ ಹೆಂಗಸರು ರೇಷ್ಮೆ ಉಡುವ ಪದ್ಧತಿ' ಎಂದು ಬರೆದುಕೊಂಡ ಮಹಾಪಂಡಿತ ನಾನು.

ನಾಲ್ಕನೆಯ ವಾರ ರಾಯರು ಶಾಂತಾಳ ಜಾತಕ ತಂದು ನನ್ನ ಕೈಗಿಟ್ಟರು. "ಸೊಲ್ಲಾಪುರದ ವರ ಒಂದು ಬಂದಿತ್ತು. ಸ್ವಲ್ಪ ತಡೀರಿ ಅಂತ ಅವರಿಗೆ ಪತ್ರ ಬರದೇನಿ. ನಿಮ್ಮ ತಂದೆಯವರಿಗೆ ಇದನ್ನ ಕಳಸ್ರಿ."

ನನಗೆ ಊರಲ್ಲಿ ಸೋದರಮಾವನ ಮಗಳು ಆಗಲೇ ನಿಶ್ಚಯವಾಗಿದ್ದಳು. ಅದನ್ನು ಬಾಯಿಬಿಟ್ಟು ಹೇಳಲಾರದೆ ಜಾತಕವನ್ನು ಜೇಬಿಗಿಳಿಸಿ ಲೋಕಲ್ ಹತ್ತಿದೆ.

ಮರುದಿನ ಚಹಾದ ಮೇಜಿನಲ್ಲಿ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರೊಫೆಸರರು ನಗಲಿಲ್ಲ. "ಆ ಹುಡುಗಿಯ ಮದುವೆ ನಿನ್ನಿಂದ ನಿಂತಿದೆ. ಪ್ರಬಂಧ ಹೋದರೆ ಹೋಗಲಿ, ಈಗಲೇ ಹೋಗಿ ನಿಜ ಹೇಳು" ಎಂದರು.

ಹೋಗಿ ಹೇಳಿದೆ. ರಾಯರ ಮುಖ ಸಪ್ಪಗಾಯಿತು. ಜಾತಕವನ್ನು ಇಸಿದುಕೊಂಡು ಬಹಳ ಹೊತ್ತು ಮಡಿಸುತ್ತ ಕೂತರು. ನಾಚಿಕೆಯಿಂದ ನಾನು ನೆಲಕ್ಕಿಳಿದುಹೋಗಿದ್ದೆ. ಒಳಗಿನಿಂದ ಶಾಂತಾಳ ದನಿ ಬಂತು: "ಅಪ್ಪಾ, ಸೊಲ್ಲಾಪುರಕ್ಕ ಇವತ್ತೇ ಪತ್ರ ಬರೀರಿ. ಇವರಿಗೆ ಚಹಾ ಕೊಟ್ಟು ಕಳಸ್ರಿ, ಬಿಸಲಾಗ ಬಂದಾರ."

ಚಹಾ ಕುಡಿದು ಎದ್ದೆ. ರಾಯರು ಕೇಳಿದರು: "ಇನ್ನ ಎಷ್ಟು ಪ್ರಶ್ನಿ ಉಳದಾವ್ರಿ? ಬರ್ರಿ ಭಾನುವಾರ. ನಿಮ್ಮ ಪರೀಕ್ಷಾನೂ ಪಾಸಾಗಬೇಕಲ್ಲ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮಾತಿಗೆ ಕಣ್ಣು ತುಂಬಿ ಬಂತು.

ಸೊಲ್ಲಾಪುರದವರು ಪುಣ್ಯವಂತರು, ಕಾದಿದ್ದರು. ಎರಡು ತಿಂಗಳಲ್ಲಿ ಮದುವೆ. ನಾನು ಮೂಲೆಯಲ್ಲಿ ಕೂತು ಶಾಸ್ತ್ರಗಳನ್ನೆಲ್ಲ ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದಿದ್ದೆ. ಹೋಮದ ಹೊತ್ತಿಗೆ ಮದುಮಗಳ ಬೊಗಸೆಗೆ ಅರಳು ಹಾಕಲು ಅವಳ ಅಣ್ಣನೋ ತಮ್ಮನೋ ಬೇಕು. ರಾಯರಿಗೆ ಮೂವರೂ ಹೆಣ್ಣುಮಕ್ಕಳು. ಅವರು ಮಂಟಪದಿಂದಲೇ ಕೂಗಿದರು: "ಏ, ಅಲ್ಲೇನು ಕೂತೀಯೋ? ತಂಗಿ ಕೈಗೆ ಅರಳು ಹಾಕೋರು ಯಾರು? ಬಾ ಇಲ್ಲೆ!"

ಪ್ರಬಂಧ ತಿದ್ದುವಾಗ ಪ್ರೊಫೆಸರರು ಕೇಳಿದರು: "ಕಣ್ಣೆದುರಿಗೇ ಮದುವೆ ನಡೆದಿದೆ. ಒಂದು ಸಾಲೂ ಬರೆದುಕೊಳ್ಳಲಿಲ್ಲವೇ?"

"ಎಲ್ಲಿ ಸಾರ್," ಎಂದೆ, "ಮನೆಯ ಮದುವೆ. ಕೈತುಂಬ ಕೆಲಸವಿತ್ತು."