ಸುಡದ ನೀರು

ಕನಸನ್ನು ನೆನಪಿಟ್ಟುಕೊಳ್ಳುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಲಿಲ್ಲ. ಕಲಿಸಿದ್ದು ಮರೆಯುವುದನ್ನು. ಮಾಗಡಿ ಕಡೆಯ ಕಲ್ಯ ಎಂಬ ಹಳ್ಳಿಯಲ್ಲಿ, ನಾನು ಚಿಕ್ಕವಳಿದ್ದಾಗ, ಕೆಟ್ಟ ಕನಸು ಬಿತ್ತೆಂದು ಅತ್ತರೆ ಅವ್ವ ಹಿತ್ತಲಿಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸುತ್ತಿದ್ದಳು. "ನೀರಿಗೆ ಹೇಳ್ಬುಡು ಮಗಾ, ಅದೇ ಎತ್ಕೊಂಡು ಹೋಯ್ತದೆ" ಅನ್ನುತ್ತಿದ್ದಳು. ನೀರಿಗೆ ಹೇಳಿ, ಮುಖ ತೊಳೆದು, ರಾಗಿರೊಟ್ಟಿ ತಿನ್ನಲು ಕೂರುವ ಹೊತ್ತಿಗೆ ಕನಸು ಹೋಗಿಯೇಬಿಟ್ಟಿರುತ್ತಿತ್ತು. ಎಷ್ಟು ಚೆನ್ನಾಗಿ ಕಲಿತೆನೆಂದರೆ, ದೊಡ್ಡವಳಾದ ಮೇಲೆ ನನಗೆ ಕನಸೇ ಬೀಳುವುದಿಲ್ಲ ಎಂದು ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದೆ.

ಮದುವೆಯಾಗಿ ಬಂದದ್ದು ರಾಮನಗರಕ್ಕೆ, ರೇಷ್ಮೆ ನೂಲು ತೆಗೆಯುವ ಮನೆಗೆ. ಮನೆಯ ಹಿಂದೆಯೇ ಶೆಡ್ಡು. ಬೇಸಿನ್ನಿನ ಬಿಸಿನೀರಿಗೆ ಕೈಹಾಕಿ, ಬೆಂದ ಗೂಡುಗಳ ತುದಿ ಹುಡುಕಿ, ಏಳೆಂಟು ಎಳೆ ಕೂಡಿಸಿ ರಾಟೆಗೆ ಕೊಡಬೇಕು. ಒಮ್ಮೆ ಓಡಲು ಶುರುವಾದರೆ ಕಣ್ಣು ಕದಲಿಸುವಂತಿಲ್ಲ. ಒಂದು ಗೂಡು ಮುಗಿದದ್ದು ಗೊತ್ತಾಗದಿದ್ದರೆ ನೂಲು ತೆಳ್ಳಗಾಗಿ ಕಡಿಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಎಳೆ ಓಡುವಾಗ ಯಾರು ಕರೆದರೂ ಒಂದೇ ಉತ್ತರ: "ಒಸಿ ತಾಳು." ನೆಂಟರು ಬಂದರೂ ಅಷ್ಟೇ, ಮಗು ಬಿದ್ದು ಅತ್ತರೂ ಅಷ್ಟೇ. ಯಾರೂ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರು ವರ್ಷದ ಹಿಂದೆ ಅವ್ವ ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದು ನಮ್ಮಲ್ಲೇ ಉಳಿದಳು. ಶೆಡ್ಡಿಗೆ ತಾಗಿದ ಕೋಣೆಯಲ್ಲಿ ಮಂಚ ಹಾಕಿಕೊಟ್ಟೆವು. ನನ್ನ ಮಗಳಿಗಂತೂ ಅಜ್ಜಿಯೆಂದರೆ ಪ್ರಾಣ. ನೀರಿಗೆ ಕನಸು ಹೇಳುವುದನ್ನು ಅವಳಿಗೂ ಕಲಿಸಿಯಾಗಿತ್ತು. ಒಂದು ದಿನ ಹತ್ತು ಗಂಟೆಯ ಹೊತ್ತು, ಯಜಮಾನರು ಗೂಡಿನ ಮಾರುಕಟ್ಟೆಗೆ, ಮಗಳು ಶಾಲೆಗೆ ಹೋಗಿದ್ದರು. ಕೋಣೆಯಿಂದ ಅವ್ವ ಕರೆದಳು. "ಮಗಾ, ಬಾ ಇಲ್ಲಿ, ಒಂದ್ ಮಾತು ಹೇಳ್ಬೇಕು."

"ಒಸಿ ತಾಳವ್ವಾ, ಎಳೆ ಓಡ್ತಾ ಐತೆ" ಅಂದೆ. ತಿರುಗಿಯೂ ನೋಡಲಿಲ್ಲ.

ಅವಳು ಮತ್ತೆ ಕರೆಯಲಿಲ್ಲ. ಬೇಸಿನ್ನು ಖಾಲಿ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಹೋಗಿ ನೋಡಿದರೆ ಅವ್ವ ಮಲಗಿದಲ್ಲೇ ಜೀವ ಬಿಟ್ಟಿದ್ದಳು. ಬಂದವರೆಲ್ಲ "ನಿದ್ದೇಲೇ ಹೋದ್ರು, ಪುಣ್ಯವಂತೆ" ಅಂದರು. ನಾನೂ ಹೂಂಗುಟ್ಟಿದೆ. ಅವಳು ಕರೆದಿದ್ದಳೆಂದು ಗಂಡನಿಗೂ ಹೇಳಿಲ್ಲ.

ಕನಸಿನ ಹುಚ್ಚು ಹತ್ತಿದ್ದು ಕಳೆದ ವರ್ಷ, ಮೊಬೈಲಿನಲ್ಲಿ ಕಂಡ ಒಂದು ವೀಡಿಯೊದಿಂದ. ಕನಸು ಕಾಣುತ್ತಿರುವಾಗಲೇ ಇದು ಕನಸೆಂದು ತಿಳಿಯಬಹುದಂತೆ. ತಿಳಿದರೆ ಬೇಕಾದ ಕಡೆ ಹೋಗಬಹುದು, ಸತ್ತವರನ್ನೂ ಮಾತಾಡಿಸಬಹುದು. ನನಗೆ ಹಾರುವುದು ತೇಲುವುದು ಏನೂ ಬೇಕಿರಲಿಲ್ಲ. ಆ ಒಂದು ಬೆಳಿಗ್ಗೆ ಎದ್ದು ಹೋಗಿ, ಏನವ್ವಾ ಎಂದು ಕೇಳಬೇಕಿತ್ತು, ಅಷ್ಟೇ.

ಆದರೆ ಮೊದಲ ಪಾಠವೇ ನೆನಪು. ಬಿದ್ದ ಕನಸು ನೆನಪಿಲ್ಲದವರಿಗೆ ಮುಂದಿನದು ಯಾವುದೂ ಸಿಗುವುದಿಲ್ಲ ಎಂದಿತ್ತು ಆ ವೀಡಿಯೊ. ಕನಸಿನಲ್ಲಿ ಎಚ್ಚರಗೊಂಡಿದ್ದರೂ ಬೆಳಿಗ್ಗೆ ಮರೆತುಹೋದರೆ ಎಚ್ಚರಗೊಂಡದ್ದೂ ಒಂದೇ, ಬಿಟ್ಟದ್ದೂ ಒಂದೇ. ಎದ್ದಾಗ ಮಗ್ಗುಲು ಬದಲಿಸಬಾರದು, ಕಣ್ಣು ತೆರೆಯಬಾರದು, ಮಾತಾಡಬಾರದು. ಕೊನೆಗೆ ಕಂಡದ್ದು ಯಾವುದೋ ಅದನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಬೇಕು. ಇದು ನನಗೆ ಬರುವ ಕೆಲಸವೇ ಅನ್ನಿಸಿತು. ಬೆಂದ ಗೂಡಿನ ತುದಿ ಹುಡುಕುವುದಕ್ಕಿಂತ ಇದೇನು ಕಷ್ಟ?

ಮಗಳ ಹಳೆಯ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯತೊಡಗಿದೆ. ಮೊದಲ ವಾರವಿಡೀ "ಏನೂ ಇಲ್ಲ." ಆಮೇಲೊಂದು ದಿನ "ಬಸ್ಸು." ಇನ್ನೊಂದು ದಿನ "ಮಾಗಡಿ ಬಸ್ಸು, ಪಕ್ಕದವಳ ಬುಟ್ಟಿಯಲ್ಲಿ ಕೋಳಿ." ಎರಡು ತಿಂಗಳಾಗುವ ಹೊತ್ತಿಗೆ ಎರಡೆರಡು ಪುಟ ತುಂಬುತ್ತಿತ್ತು. ಬರೆದದ್ದನ್ನೆಲ್ಲ ಒಟ್ಟಿಗೆ ಓದಿದಾಗ ಒಂದು ಸಂಗತಿ ಕಂಡಿತು. ನನ್ನ ಕನಸುಗಳಲ್ಲಿ ಅರ್ಧಕ್ಕರ್ಧ ಶೆಡ್ಡಿನಲ್ಲೇ ನಡೆಯುತ್ತವೆ, ಮತ್ತು ಯಾವುದರಲ್ಲೂ ಬೇಸಿನ್ನಿನ ನೀರು ಸುಡುವುದಿಲ್ಲ. ನಿಜದ ನೀರು ಬೆರಳ ತುದಿಯ ಚರ್ಮ ಸುಲಿಯುತ್ತದೆ. ಕನಸೆಂದು ತಿಳಿಯಲು ಇದೇ ನನ್ನ ಗುರುತು ಅಂದುಕೊಂಡೆ.

ಕನಸಿನಲ್ಲೂ ರೂಢಿಯಾಗಿ ಬರಬೇಕಾದರೆ ಎಚ್ಚರದಲ್ಲೂ ಅಭ್ಯಾಸ ಮಾಡಬೇಕಲ್ಲ. ದಿನಾ ಹತ್ತಾರು ಸಲ ಬೆರಳು ಅದ್ದಿ "ಇದು ಕನಸಾ?" ಎಂದು ಮೆಲ್ಲಗೆ ಕೇಳಿಕೊಳ್ಳುತ್ತಿದ್ದೆ. ಯಜಮಾನರು ಕಂಡು, "ಏನಮ್ಮಿ, ನೀರ್ ಜತೆ ಮಾತ್ಕತೆ ನಡೀತಾ ಐತೆ? ನಮ್ ಜತೇನೂ ಒಸಿ ಮಾತಾಡು" ಎಂದು ಗೇಲಿ ಮಾಡಿದರು. ನಾನು ಸಿಡುಕಿದೆ. ಆ ತಿಂಗಳುಗಳಲ್ಲಿ ಎಲ್ಲರ ಮೇಲೂ ಸಿಡುಕುತ್ತಿದ್ದೆ. ಬೆಳಿಗ್ಗೆ ಪುಸ್ತಕದಲ್ಲಿ ಬರೆದು ಮುಗಿಸುವವರೆಗೆ ಯಾರೂ ನನ್ನನ್ನು ಮಾತಾಡಿಸಕೂಡದು ಎಂದು ಮನೆಯಲ್ಲಿ ಹೊಸ ಕಾನೂನು ಮಾಡಿದ್ದೆ.

ಕೊನೆಗೊಂದು ಬೆಳಗಿನ ಜಾವ ಆ ಕನಸು ಸಿಕ್ಕಿತು. ಕನಸಿನಲ್ಲಿ ಎಳೆ ಓಡುತ್ತಿದೆ, ಕೋಣೆಯಿಂದ ಅವ್ವ ಕರೆಯುತ್ತಾಳೆ, ನನ್ನ ಬಾಯಿಗೆ "ಒಸಿ ತಾಳು" ಬಂದೇಬಿಟ್ಟಿದೆ. ಬೆರಳು ನೀರಿನಲ್ಲಿತ್ತು. ಸುಡಲಿಲ್ಲ. ಇದು ಕನಸು ಎಂದು ಗೊತ್ತಾಯಿತು. ಎಳೆಗಳನ್ನು ಓಡಲು ಬಿಟ್ಟು ಎದ್ದೆ. ಅವ್ವ ಮಂಚದ ಮೇಲೆ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. "ಏನವ್ವಾ ಹೇಳ್ಬೇಕೂಂತಿದ್ದೆ?" ಅಂದೆ. ಅವಳು ನನ್ನ ಕೈ ಹಿಡಿದು ಹೇಳಿದಳು. ಅವಳದೇ ದನಿ. ಪೂರ್ತಿ ಹೇಳಿದಳು. ಅಷ್ಟರಲ್ಲಿ ಎಚ್ಚರವಾಯಿತು.

ಅಲುಗಾಡದೆ ಮಲಗಿದೆ. ಬಾಚಣಿಗೆ ಸಿಕ್ಕಿತು, ಕೈಯ ಬಿಸುಪು ಸಿಕ್ಕಿತು. ಮಾತು ಮಾತ್ರ ಇನ್ನೂ ಸಿಕ್ಕಿರಲಿಲ್ಲ, ಇಲ್ಲೇ ಎಲ್ಲೋ ಇತ್ತು.

ಬಾಗಿಲ ಹತ್ತಿರ ಮಗಳು ಕರೆದಳು. "ಅಮ್ಮಾ."

ಕೇಳಿಸಿತು. ಯಜಮಾನರು ಶೆಡ್ಡಿನಲ್ಲಿ ಒಲೆ ಹಚ್ಚುತ್ತಿದ್ದರು, ಅವರನ್ನು ಕೇಳಲಿ ಅಂದುಕೊಂಡೆ. "ಅಮ್ಮಾ, ಎದ್ದಿದೀಯಾ?" ಉಸಿರನ್ನು ಉದ್ದ ಮಾಡಿ ನಿದ್ದೆಯಲ್ಲಿರುವವಳಂತೆ ನಟಿಸಿದೆ. ಮೂರನೆಯ ಸಲ ಅವಳ ದನಿ ತೀರಾ ಸಣ್ಣಗಾಗಿತ್ತು. "ಒಸಿ ಬಾರಮ್ಮಾ." ಆಮೇಲೆ ಹೆಜ್ಜೆ ದೂರವಾಯಿತು. ನಾನು ಇನ್ನಷ್ಟು ಹೊತ್ತು ಮಲಗಿದ್ದೆ. ಮಾತು ಸಿಗಲಿಲ್ಲ.

ಎದ್ದು ಹಿತ್ತಲಿಗೆ ಹೋದರೆ ಮಗಳು ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ರಾತ್ರಿ ತೊಟ್ಟ ಲಂಗ ಕಲ್ಲಿನ ಮೇಲೆ ನೆನೆದಿತ್ತು. ನೀರು ಕೆಂಪಗೆ ಹರಿಯುತ್ತಿತ್ತು. ಹನ್ನೆರಡು ವರ್ಷದ ಕೂಸು, ದೊಡ್ಡವಳಾಗಿದ್ದಳು. ಹೀಗಾಗುತ್ತದೆ ಎಂದು ಅವಳಿಗೆ ನಾನು ಹೇಳಿಯೇ ಇರಲಿಲ್ಲ, ಇನ್ನೂ ಹೊತ್ತಿದೆ ಅಂದುಕೊಂಡಿದ್ದೆ. ನಲ್ಲಿಯನ್ನು ಪೂರ್ತಿ ತಿರುಗಿಸಿಕೊಂಡು, ಬಿಕ್ಕುತ್ತಾ, ನೀರಿಗೆ ಏನೋ ಪಿಸುಗುಟ್ಟುತ್ತಿದ್ದಳು.

ಬಾಚಿ ತಬ್ಬಿಕೊಂಡೆ. "ಕರ್ದೆ, ನೀನು ಮಲ್ಗಿದ್ದೆ" ಅಂದಳು.

ಸುಳ್ಳು ಹೇಳಲಾಗಲಿಲ್ಲ. "ಮಲ್ಗಿರ್ಲಿಲ್ಲ ಮಗಾ. ಕೇಳಿಸ್ತಾ ಇತ್ತು."

ಅವಳು ನನ್ನ ಮುಖ ನೋಡಿದಳು. ಆ ನೋಟ ನೆನಪಿಡಲು ನನಗೆ ಯಾವ ಪುಸ್ತಕವೂ ಬೇಕಾಗಿಲ್ಲ. ಎಂಥ ತಾಯಿ ನಾನು ಎಂದು ನನ್ನ ಮೇಲೇ ಅಸಹ್ಯವಾಯಿತು.

ನೋಟ್‌ಬುಕ್ಕು ಅವತ್ತೇ ನಿಂತಿತು. ಅವ್ವನ ಮಾತು ಏನೆಂದು ಇವತ್ತಿಗೂ ತಿಳಿದಿಲ್ಲ. ಮಗಳನ್ನು ಮಾತ್ರ ಆಗಾಗ ಕೇಳುತ್ತೇನೆ, ಅವತ್ತು ನಲ್ಲಿ ಮುಂದೆ ಏನು ಹೇಳ್ತಿದ್ದೆ, ನನಗೆ ಹೇಳೆ, ಎಂದು. ಅವಳಿಗೆ ಸಿಟ್ಟೇನಿಲ್ಲ, ನಗುತ್ತಲೇ ಉತ್ತರ ಕೊಡುತ್ತಾಳೆ.

"ನೀರಿಗೆ ಹೇಳಾಯ್ತಲ್ಲ, ಬುಡಮ್ಮಾ."