ಸೇವಂತಿಗೆ ಮುಡಿದ ರೊಟ್ಟಿ ಮಷಿನ್

ಶನಿವಾರ ಬೆಳಿಗ್ಗೆ ಏಳೂವರೆಗೆ ನಾನು ರಾಜಾಜಿನಗರ ಮೆಟ್ರೋ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಮಾರ್ಚ್ ತಿಂಗಳ ಕೊನೆ. ಗಾಳಿ ಇನ್ನೂ ತಂಪಾಗಿತ್ತು, ಆದರೆ ಹತ್ತು ಗಂಟೆಗೆಲ್ಲ ಬಿಸಿಲು ನೆತ್ತಿ ಸುಡುವುದು ಗ್ಯಾರಂಟಿ ಎಂದು ಛತ್ರಿ, ನೀರಿನ ಬಾಟಲಿ, ಎರಡು ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು ನಾನು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗಿನ ಅಭ್ಯಾಸ ಇನ್ನೂ ಹೋಗಿಲ್ಲ.

ಈ ಪ್ರಯಾಣ ನನ್ನ ಕೊರಳಿಗೆ ಬಿದ್ದದ್ದು ಹಿಂದಿನ ದಿನ. ನನ್ನ ಹಳೆಯ ವಿದ್ಯಾರ್ಥಿನಿ ಪವಿತ್ರ, ಬಡವರಿಗೆ ನೆರವು ಕೊಡುವ ಒಂದು ವಿದೇಶಿ ಸಂಸ್ಥೆಯ ಇಲ್ಲಿನ ಕಚೇರಿಯಲ್ಲಿದ್ದಾಳೆ. ಅವಳು ಫೋನ್ ಮಾಡಿ, "ಮಿಸ್, ಜ್ವರ ಮಿಸ್, ಎದ್ದೇಳಕ್ಕೇ ಆಗ್ತಿಲ್ಲ. ಹೆಡ್ ಆಫೀಸಿಂದ ಹೆಲೆನಾ ಮೇಡಂ ಬಂದಿದಾರೆ. ಅವ್ರನ್ನ ಬ್ಯಾಡರಹಳ್ಳಿ ರೊಟ್ಟಿ ಗುಂಪಿನ ಹೆಂಗಸ್ರ ಹತ್ರ ಕರ್ಕೊಂಡ್ ಹೋಗ್ತೀರಾ? ಅವ್ರು ಹೇಳಿದ್ದು ಇವ್ರಿಗೆ, ಇವ್ರು ಹೇಳಿದ್ದು ಅವ್ರಿಗೆ ಹೇಳಿದ್ರೆ ಸಾಕು" ಎಂದಳು.

"ನಾನು ಹೇಳಬೇಕಾದ್ದು?"

"ಮಿಸ್, ಪ್ಲೀಸ್. ನೀವೇನೂ ಹೇಳ್ಬೇಡಿ."

ನನ್ನ ಬಾಯಿ ಎಂಥದ್ದು ಎಂದು ಅವಳಿಗೆ ಎಂಟನೇ ಕ್ಲಾಸಿನಿಂದ ಗೊತ್ತು.

ಹೆಲೆನಾ ಸರಿಯಾದ ಸಮಯಕ್ಕೆ ಬಂದಳು. ನಲವತ್ತರ ಆಸುಪಾಸು, ಎತ್ತರದ ಹೆಂಗಸು, ಹತ್ತಿಯ ಕುರ್ತಾ, ಬೆನ್ನಿಗೊಂದು ಚೀಲ. ಪಕ್ಕದ ದರ್ಶಿನಿಯಲ್ಲಿ ನಿಂತೇ ಇಡ್ಲಿ ವಡೆ ತಿಂದೆವು. ಚಟ್ನಿಗೆ ಆಕೆಯ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಸೌಟು ಹಾಕಿಸಿಕೊಂಡಳು. ಪರವಾಗಿಲ್ಲ, ಗಟ್ಟಿ ಹೆಂಗಸು ಎಂದುಕೊಂಡೆ.

ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಬದಲಿಸಿ ನೇರಳೆ ಮಾರ್ಗದಲ್ಲಿ ವಿಜಯನಗರ. ರೈಲಿನಲ್ಲಿ ಹೆಲೆನಾ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದಳು. ಮಂಚದಷ್ಟು ಉದ್ದದ ಸ್ಟೀಲ್ ಯಂತ್ರ. ಮೈತುಂಬ ಸೇವಂತಿಗೆ ಹಾರ, ಹಣೆಯಂತಿರುವ ಜಾಗಕ್ಕೆ ಅರಿಶಿನ ಕುಂಕುಮ, ಎರಡು ಬದಿಗೆ ಬಾಳೆಕಂದು, ಹಿಂದೆ ನಗುತ್ತ ನಿಂತ ಒಂಬತ್ತು ಹೆಂಗಸರು. "ಇದು ನಾವು ಕೊಟ್ಟ ರೊಟ್ಟಿ ಯಂತ್ರ. ಪ್ರತಿ ವರ್ಷ ಇಂಥ ಫೋಟೋ ಕಳಿಸುತ್ತಾರೆ. ನಮ್ಮ ಕಚೇರಿಯ ಗೋಡೆಯ ಮೇಲೆ ಇದೇ ಇದೆ. ಇನ್ನೂ ಮೂರು ಯಂತ್ರ ಕೊಡೋಣವೆಂದು ಬಂದಿದ್ದೇನೆ" ಎಂದಳು. ಆಯುಧ ಪೂಜೆಯಲ್ಲಿ ನಮ್ಮವರು ಕೆಟ್ಟುಹೋದ ಸ್ಕೂಟರಿಗೂ ಹೂ ಹಾಕುತ್ತಾರಮ್ಮಾ ಎಂದು ನಾಲಿಗೆ ತುದಿಗೆ ಬಂದಿತ್ತು. ಪವಿತ್ರಳನ್ನು ನೆನೆದು ನುಂಗಿಕೊಂಡೆ.

ಆಮೇಲೆ ಆಕೆಯೇ ಕೇಳಿದಳು: "ನೀವು ಟೀಚರ್. ನಿಜ ಹೇಳಿ. ನಮ್ಮಂಥವರು ಹೊರಗಿನಿಂದ ಕೊಡುವ ದುಡ್ಡಿನಿಂದ ಪ್ರಪಂಚದ ಬಡತನ ಹೋಗುತ್ತದೆಯೇ?"

ಕೇಳಬಾರದವಳನ್ನು ಕೇಳಿದಳು. ಆದರೆ ಉತ್ತರ ಹೇಳುವಷ್ಟರಲ್ಲಿ ವಿಜಯನಗರ ಬಂತು.

ಅಲ್ಲಿಂದ ಬಸ್ಸು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಹೆಲೆನಾಗೆ ಇಪ್ಪತ್ತು ಚಿಲ್ಲರೆ ರೂಪಾಯಿ ಆಯಿತು. "ನಿಮಗೇಕೆ ಪುಕ್ಕಟೆ?" ಎಂದಳು. "ಈ ರಾಜ್ಯದ ಹೆಂಗಸರಿಗೆಲ್ಲ ಪುಕ್ಕಟೆ. ನೀವು ಹೊರಗಿನವರು, ಕೊಡಬೇಕು" ಎಂದೆ. ಕಂಡಕ್ಟರ್, "ಮೇಡಂ, ಇಲ್ಲೇ ಮನೆ ಮಾಡ್ಕೊಳಿ, ನಿಮ್ಗೂ ಫ್ರೀ" ಎಂದು ಕನ್ನಡದಲ್ಲೇ ಹೇಳಿದ. ನಾನು ಅನುವಾದಿಸಿದಾಗ ಆಕೆ ಬಸ್ಸಿನ ಕಂಬ ಹಿಡಿದು ನಕ್ಕಳು.

ಕಾಮಾಕ್ಷಿಪಾಳ್ಯದಲ್ಲಿ ಸಿಗ್ನಲ್, ಸುಂಕದಕಟ್ಟೆಯಲ್ಲಿ ಇನ್ನೊಂದು ಸಿಗ್ನಲ್. ಒಂದೊಂದರಲ್ಲೂ ಒಂದು ಸಂಸಾರ ಮಾಡಿ ಮುಗಿಸುವಷ್ಟು ಹೊತ್ತು. ಸುಂಕದಕಟ್ಟೆ ದಾಟಿದ ಮೇಲೆ ಎಡಕ್ಕೆ ಒಂದು ಟೈಲ್ಸ್ ಅಂಗಡಿ ತೋರಿಸಿದೆ. "ಅಲ್ಲಿ ನನ್ನ ಪ್ರಾಥಮಿಕ ಶಾಲೆ ಇತ್ತು. ಆಗ ಈ ರಸ್ತೆಯ ಎರಡೂ ಕಡೆ ರಾಗಿ ಹೊಲ. ಶಾಲೆಗೆ ಹೊರದೇಶದಿಂದ ಹಾಲಿನ ಪುಡಿ, ಗೋಧಿ ನುಚ್ಚು ಬರುತ್ತಿತ್ತು. ಆ ಉಪ್ಪಿಟ್ಟಿನ ಆಸೆಗೇ ನಮ್ಮ ಬೀದಿಯ ಹುಡುಗಿಯರು ಶಾಲೆಗೆ ಬಂದರು. ನಾನೂ ಒಬ್ಬಳು" ಎಂದೆ.

"ಹಾಗಾದರೆ ನೆರವಿನಿಂದ ಉಪಯೋಗವಾಯಿತು!"

"ಹಸಿವು ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನನ್ನು ಟೀಚರ್ ಮಾಡಿದ್ದು ಉಪ್ಪಿಟ್ಟಲ್ಲ. ಇದ್ದ ಎರಡು ಎಮ್ಮೆಯಲ್ಲಿ ಒಂದನ್ನು ಮಾರಿ ನನ್ನ ಅವ್ವ ನನ್ನನ್ನು ಕಾಲೇಜಿಗೆ ಕಳಿಸಿದಳು."

ಹೇಳುವಾಗ ನನ್ನ ದನಿ ಸ್ವಲ್ಪ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ ಬಿಡಿ, ಅವ್ವನ ಮಾತು ಬಂದರೆ ನನಗೆ ಹಾಗೆಯೇ.

ಬ್ಯಾಡರಹಳ್ಳಿಯಲ್ಲಿ ಇಳಿದಾಗ ಹತ್ತು ದಾಟಿತ್ತು. ಮುಖ್ಯರಸ್ತೆಯಿಂದ ಐದು ನಿಮಿಷದ ದಾರಿ. ಎರಡು ಹೊಸ ಅಪಾರ್ಟ್‌ಮೆಂಟುಗಳ ನಡುವೆ ಶೀಟ್ ಹೊದಿಸಿದ ಉದ್ದನೆಯ ಕೋಣೆ. ಬಾಗಿಲಿಗೆ ಬರುವ ಮೊದಲೇ ತಟ್ಟುವ ಸದ್ದು, ಜೋಳ ಬೇಯುವ ಪರಿಮಳ. ಗುಂಪಿನ ಯಜಮಾನಿ ಕಲ್ಲವ್ವ, ಬಾಗಲಕೋಟೆ ಕಡೆಯವಳು, ಐವತ್ತು ದಾಟಿದ ದಪ್ಪ ಕೈಯ ಹೆಂಗಸು. ಪವಿತ್ರ ಮೊದಲೇ ಫೋನ್ ಮಾಡಿ ನನ್ನ ವಿಷಯ ಹೇಳಿದ್ದಳು. "ಬರ್ರಿ ಟೀಚರ್, ಬರ್ರಿ ಅಕ್ಕಾರ" ಎಂದು ಹಿಟ್ಟಿನ ಕೈ ಜೋಡಿಸಿದಳು.

ಹೆಲೆನಾ ಹೊರಗೆ ಶೂಸಿನ ಲೇಸು ಬಿಚ್ಚುತ್ತಿದ್ದಳು. ಆ ಹೊತ್ತಿನಲ್ಲೇ ಕಲ್ಲವ್ವ ನನ್ನನ್ನು ನೀರಿನ ಡ್ರಮ್ಮಿನ ಹತ್ತಿರ ಎಳೆದುಕೊಂಡು ಹೋದಳು.

"ಟೀಚರ್, ಮಷಿನ್ ಒಂದ್ ದಿನಾನೂ ರೊಟ್ಟಿ ಕೊಟ್ಟಿಲ್ರಿ. ಜ್ವಾಳದ ಹಿಟ್ಟು ಅದಕ್ಕ ಆಗಿ ಬರಂಗಿಲ್ಲ, ಹರೀತೈತಿ. ಅದು ಕುಂತ ಜಾಗಾದಾಗ ನಾ ಎರಡು ಒಲಿ ಇಡಬೇಕು. ಕೆಂಗೇರಿ ಹಾಸ್ಟೆಲ್ನವ್ರು ಸೋಮವಾರದಿಂದ ದಿನಾ ರೊಟ್ಟಿ ಕೇಳ್ಯಾರ. ಇವತ್ತ ಸಂಜೀ ಒಳಗ ಹೂಂ ಅನ್ನಬೇಕು, ಇಲ್ಲಾ ಬ್ಯಾರೇದವ್ರಿಗೆ ಹೋಗತೈತಿ."

"ಮತ್ತೆ ಆಚೆ ಇಡ್ಸೋದಲ್ವೇನಮ್ಮ?"

"ಅವ್ರನ್ನ ಕೇಳದ ಕದಲಿಸಬಾರದು ಅಂತ ಕಾಗದಕ್ಕ ಸಹಿ ಮಾಡೇವಲ್ರೀ."

"ಹಾಗಾದ್ರೆ ಈಗ್ಲೇ ಕೇಳ್ತೀನಿ."

"ಬ್ಯಾಡ್ರಿ!" ನನ್ನ ಮುಂಗೈ ಹಿಡಿದಳು. "ಹಿಟ್ಟಿನ ಗಿರಣಿ ಕೊಟ್ಟವ್ರೂ ಅವ್ರ. ಅದು ದಿನಾ ಓಡತೈತಿ, ಅದರಿಂದನ ನಾವು ಉಣ್ಣಾಕತ್ತೀವಿ. ಕೊಟ್ಟವ್ರ ಮುಂದ ನಿಂತು ನೀವು ಕೊಟ್ಟದ್ದು ಚಲೋ ಇಲ್ಲ ಅಂತ ಯಾವ ಬಾಯಿಲೆ ಹೇಳೂದ್ರಿ?"

ಎಂಥ ಸಂಕಟ ನೋಡಿ. ಇಲ್ಲಿ ಬಾಯಿ ಮುಚ್ಚಿದರೆ ಇನ್ನೂ ಮೂರು ಮಷಿನ್ ಬಂದು ಈ ಹೆಂಗಸರಿಗೆ ಕೂರಲೂ ಜಾಗ ಇರುವುದಿಲ್ಲ. ಬಾಯಿ ಬಿಟ್ಟರೆ ಅವಳ ಮರ್ಯಾದೆ. ನಾನು ಹಲ್ಲು ಕಚ್ಚಿ ಒಳಗೆ ಹೋದೆ.

ಕೋಣೆಯ ಒಂದು ಬದಿಗೆ ಐದು ಒಲೆ, ಒಂಬತ್ತು ಹೆಂಗಸರು. ಐದು ಮಂದಿ ತಟ್ಟುತ್ತ ಬೇಯಿಸುತ್ತ ಇದ್ದರು, ಉಳಿದವರು ಕಲಸುತ್ತ, ಒಣಗಿಸುತ್ತ, ಕಟ್ಟುತ್ತ ಇದ್ದರು. ಇನ್ನೊಂದು ಬದಿಯನ್ನೆಲ್ಲ ಆಕ್ರಮಿಸಿಕೊಂಡು ಆ ಯಂತ್ರ, ಹಳೆಯ ಸೀರೆ ಹೊದ್ದು ಮಲಗಿತ್ತು. ಹೆಲೆನಾ ಸೀರೆ ಸರಿಸಿ, ಹೊಳೆಯುವ ಮೈ ಸವರಿ, "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ! ಒಮ್ಮೆ ಓಡಿಸಿ ತೋರಿಸಲಿ" ಎಂದಳು.

ನಾನು ಕನ್ನಡದಲ್ಲಿ ಹೇಳಿದೆ. ಹೇಳಲೇಬೇಕಲ್ಲ. ತಟ್ಟುವ ಸದ್ದು ನಿಂತುಹೋಯಿತು. ಕಲ್ಲವ್ವ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಮುಂದೆ ಬಂದು, ಸೆರಗು ಸಿಕ್ಕಿಸಿ, ಸ್ವಿಚ್ಚು ಹಾಕಿದಳು.

ಯಂತ್ರ ಗುಂಯ್ ಎಂದು ಎದ್ದಿತು. ಹಿಟ್ಟಿನ ಉಂಡೆ ಒಳಗೆ ಹೋಯಿತು. ಆ ಕಡೆಯಿಂದ ಬಂದದ್ದು ರೊಟ್ಟಿಯಲ್ಲ, ನಾಲ್ಕು ಚೂರು. ಎರಡನೆಯ ಉಂಡೆ, ಆರು ಚೂರು. ಮೂರನೆಯದು ಒಳಗೇ ಅಂಟಿಕೊಂಡು ಹೊಗೆ ಎದ್ದಿತು. ಕಿರಿಯವಳೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಹೆಲೆನಾ ಒಂದು ಚೂರನ್ನು ಕೈಗೆತ್ತಿಕೊಂಡಳು.

"ಕೆಟ್ಟುಹೋಗಿದೆಯೇ?" ಎಂದಳು ಮೆಲ್ಲಗೆ.

ಕಲ್ಲವ್ವ ಸ್ವಿಚ್ಚು ಆರಿಸಿದಳು. "ಟೀಚರ್, ನಾ ಹೇಳಿದ್ದನ್ನ ಹೇಳಿದಂಗ ಹೇಳ್ರಿ, ಹೆಚ್ಚು ಕಮ್ಮಿ ಮಾಡಬ್ಯಾಡ್ರಿ" ಎಂದಳು. "ಮಷಿನ್ ಕೆಟ್ಟಿಲ್ರಿ ಅಕ್ಕಾರ. ಅದು ಗೋಧಿ ಹಿಟ್ಟಿಂದು. ಗೋಧಿ ಎಳದ್ರ ಹಿಗ್ಗತೈತಿ, ಜ್ವಾಳ ಹಿಗ್ಗಂಗಿಲ್ಲ. ಅದನ್ನ ಬಿಸಿನೀರಾಗ ನಾದಿ, ಅಂಗೈಲೆ ತಿರುಗಿಸಿಗೋತ ತಟ್ಟಬೇಕು. ನೀವು ಗಿರಣಿ ಕೊಡೂಮುಂದ ನಮ್ಮನ್ನ ಕೇಳಿದ್ರಿ. ಇದನ್ನ ಕೊಡೂಮುಂದ ಕೇಳಲಿಲ್ಲ. ಬಂದ ಮ್ಯಾಲೆ ಬ್ಯಾಡ ಅನ್ನಾಕ ನಮಗ ನಾಚಿಕಿ ಆತು. ಹೂ ಹಾಕಿ ಫೋಟೋ ಕಳಿಸಿದ್ವಿ. ಅದು ನಮ್ಮ ತಪ್ಪು."

ಒಂದಕ್ಷರ ಬಿಡದೆ ಹೇಳಿದೆ. ಹೇಳುವಾಗ ನನ್ನ ಎದೆ ಉಬ್ಬಿ ಬಂತು. ಇಡೀ ಜೀವಮಾನ ಪಾಠ ಮಾಡಿದವಳು ನಾನು, ಯಾರಾದರೂ ಇಷ್ಟು ನೇರವಾಗಿ ತಮ್ಮ ಒಂದು ತಪ್ಪನ್ನು ಒಪ್ಪಿಕೊಂಡು, ಎದುರಿನವರ ಇನ್ನೊಂದನ್ನು ತೋರಿಸಿದ್ದು ನನಗೆ ನೆನಪಿಲ್ಲ.

ಹೆಲೆನಾ ನೆಲದ ಮೇಲೆ ಕುಳಿತುಬಿಟ್ಟಳು. ಆಮೇಲೆ, "ಐದು ವರ್ಷ ನಾನು ಆ ಹೂವನ್ನು ಊರೆಲ್ಲ ತೋರಿಸಿದ್ದೇನೆ" ಎಂದಳು. ಕಣ್ಣು ಒದ್ದೆಯಾಗಿತ್ತು, ಈ ಸಲ ಚಟ್ನಿಗಲ್ಲ.

"ಅಯ್ಯ, ಅಳಬ್ಯಾಡ್ರವ್ವಾ! ಮದ್ಲ ಉಣ್ಣರಿ" ಎಂದು ಕಲ್ಲವ್ವ ತಟ್ಟೆ ಇಟ್ಟಳು. ಉಬ್ಬಿದ ಬಿಸಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಹೆಲೆನಾ ಮೂರು ರೊಟ್ಟಿ ತಿಂದಳು. ಆಮೇಲೆ ತಾನೂ ತಟ್ಟುತ್ತೇನೆಂದು ಕುಳಿತಳು. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. "ಮಷಿನ್ದು ಏನೂ ತಪ್ಪಿಲ್ಲ ಬಿಡ್ರಿ, ಅದೂ ನಿಮ್ಮೂರಿಂದು ಅಲ್ಲೇನ್ರಿ!" ಎಂದಳು ಕಲ್ಲವ್ವ. ಕೋಣೆಗೆ ಕೋಣೆಯೇ ನಕ್ಕಿತು. ನನಗಂತೂ ಹೊಟ್ಟೆ ಹುಣ್ಣಾಯಿತು.

ನಗು ಇಳಿದ ಮೇಲೆ, ಕಲ್ಲವ್ವನನ್ನು ಕೇಳಿಯೇ, ಕೆಂಗೇರಿ ಹಾಸ್ಟೆಲಿನ ಬೇಡಿಕೆ, ಒಲೆಗೆ ಜಾಗ ಬೇಕಾದ ವಿಷಯ ಹೇಳಿದೆ. ಹೆಲೆನಾ ಕೈ ತೊಳೆದು ಬಂದು ಅಲ್ಲಿಂದಲೇ ತಮ್ಮ ಕಚೇರಿಯ ಮುಖ್ಯಸ್ಥರಿಗೆ ಫೋನ್ ಮಾಡಿದಳು. ಅವರ ದೇಶದಲ್ಲಿ ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತಷ್ಟೇ, ಎಬ್ಬಿಸಿ ಮಾತಾಡಿದಳು. ಆಮೇಲೆ ತನ್ನ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಸಹಿ ಹಾಕಿದಳು: ಯಂತ್ರ ಇನ್ನು ಈ ಹೆಂಗಸರದ್ದು, ಏನು ಬೇಕಾದರೂ ಮಾಡಬಹುದು. ಹೊಸ ಮೂರು ಯಂತ್ರಗಳ ಮಾತು ಅಲ್ಲಿಗೇ ಬಿದ್ದುಹೋಯಿತು. ಅದರ ಬದಲು ಏನು ಬೇಕು ಎಂದು ಕೇಳಿದಳು. ಕಲ್ಲವ್ವ, "ಸದ್ಯಕ್ಕ ಏನೂ ಬ್ಯಾಡ. ಬೇಕಾದಾಗ ನಾವ ಕೇಳ್ತೀವಿ" ಎಂದಳು. ಅದನ್ನು ಅನುವಾದಿಸುವಾಗ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಒಪ್ಪಿಕೊಳ್ಳುತ್ತೇನೆ.

ಮೂರು ಗಂಟೆಗೆ, ಹಾಸ್ಟೆಲಿನವರಿಗೆ ಹೂಂ ಎಂದು ಹೇಳಿಬರಲು, ಮಾದರಿಗೊಂದು ರೊಟ್ಟಿ ಗಂಟು ಹೊತ್ತು ನಾವು ಮೂವರು ಕೆಂಗೇರಿಗೆ ಹೊರಟೆವು. ಆಟೋದವನು ಮುನ್ನೂರೈವತ್ತು ಎಂದ, ಮುನ್ನೂರಕ್ಕೆ ಇಳಿಸಿದೆ. ಉಳ್ಳಾಲದ ರಸ್ತೆಯಲ್ಲಿ ಧೂಳು, ಬಿಸಿಲು, ಹಳ್ಳ. ಕಲ್ಲವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ರೊಟ್ಟಿಯೂ ಮುರಿಯದಂತೆ ಎರಡು ಕೈಯಲ್ಲಿ ಹಿಡಿದಿದ್ದಳು.

ಹಾಸ್ಟೆಲಿನಲ್ಲಿ ಹಳ್ಳಿಗಳಿಂದ ಬಂದ ಇನ್ನೂರು ಹುಡುಗಿಯರು. ಅಡುಗೆಮನೆ ಯಜಮಾನ ಮಹದೇವಣ್ಣ, ಮಂಡ್ಯದವರು, ರೊಟ್ಟಿ ಮುರಿದು ಬಾಯಿಗಿಟ್ಟು, "ಆಹಾ, ಇದಪ್ಪ ರೊಟ್ಟಿ ಅಂದ್ರೆ! ಸೋಮವಾರದಿಂದ ಬರ್ಲಿ ಕಣಮ್ಮ" ಎಂದರು. ಕಲ್ಲವ್ವ "ಹೂಂ ರೀ" ಎಂದಳು. ಅವಳ ಮುಖ ನೋಡಬೇಕಿತ್ತು ನೀವು.

ಅಷ್ಟರಲ್ಲಿ ಅವಳ ಕಣ್ಣು ಮೂಲೆಯ ಕಡೆ ಹೋಯಿತು. ನಾಲ್ಕು ಜನ ಬೆವರು ಸುರಿಸಿಕೊಂಡು ಮರುದಿನ ಬೆಳಗಿನ ತಿಂಡಿಗೆ ಚಪಾತಿ ಲಟ್ಟಿಸಿ ಅರ್ಧ ಬೇಯಿಸಿ ಇಡುತ್ತಿದ್ದರು.

"ಅಣ್ಣಾರ, ಇದು ಗೋಧಿ ಹಿಟ್ಟಲ್ರೀ?"

"ಗೋಧಿನೇ ಕಣಮ್ಮ. ಯಾಕೆ?"

"ನಮ್ಮ ಹತ್ರ ಒಂದು ಚಪಾತಿ ಮಷಿನ್ ಐತಿ. ಮಕ್ಕಳ ಹಾಸ್ಟೆಲ್, ಸುಮ್ನ ಕೊಡ್ತೀವಿ. ಆದ್ರ ನಿಮಗ ಬೇಕೇನ್ರಿ? ಇಡಾಕ ಜಾಗಾ ಐತೇನು? ಕರೆಂಟ್ ತಡೀತೈತೇನು? ಓಡಿಸಾವ್ರು ಯಾರು?"

ನಾನು ಬೆರಗಾಗಿ ನಿಂತೆ. ಮಹದೇವಣ್ಣ ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟರು. ಜಾಗ ಇದೆ, ಕರೆಂಟ್ ಎಲೆಕ್ಟ್ರಿಷಿಯನ್ ಕೇಳಬೇಕು, ಓಡಿಸುವುದನ್ನು ತಾವೇ ಕಲಿಯುತ್ತಾರೆ. ಎಲೆಕ್ಟ್ರಿಷಿಯನ್ ಬಂದು ಬೋರ್ಡು ನೋಡಿ ಆಗುತ್ತದೆ ಎಂದ ಮೇಲೆಯೇ ಕಲ್ಲವ್ವ ಮಾತು ಪಕ್ಕಾ ಮಾಡಿದಳು. ನಾಳೆ ಬೆಳಿಗ್ಗೆ ಯಂತ್ರ ಒಯ್ಯಲು ಹಾಸ್ಟೆಲಿನ ಟೆಂಪೋ ಬ್ಯಾಡರಹಳ್ಳಿಗೆ ಬರುವುದು, ಮಧ್ಯಾಹ್ನ ಅಲ್ಲಿ ಒಲೆ ಹೂಡುವುದು.

"ಯಾರ್ ಹೆಸ್ರು ಬರೆಸ್ಲಮ್ಮ ಅದ್ರ ಮೇಲೆ, ದಾನಿಗಳು ಅಂತ?" ಎಂದರು ಮಹದೇವಣ್ಣ.

ಆಗಲೇ ಗೇಟಿನವರೆಗೆ ಬಂದಿದ್ದ ಕಲ್ಲವ್ವ ತಿರುಗಿದಳು. "ಹೆಸರು ಗಿಸರು ಬ್ಯಾಡ್ರಿ. ಚಪಾತಿ ಹರದ್ರ ನನಗ ಫೋನ್ ಮಾಡ್ರಿ. ಹೂ ಹಾಕಿ ಸುಮ್ನ ಕುಂದರಬ್ಯಾಡ್ರಿ."

ಕಲ್ಲವ್ವನನ್ನು ಬಸ್ಸು ಹತ್ತಿಸಿ, ನಾವಿಬ್ಬರೂ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದೆವು. ಸಂಜೆಯ ಜನ. ಅಡುಗೆಮನೆಯಲ್ಲಿ ಆದ ಮಾತುಕತೆ ಹೆಲೆನಾಗೆ ಅರ್ಥವಾಗಿರಲಿಲ್ಲ. ಕಲ್ಲವ್ವ ಏನೇನು ಕೇಳಿದಳು, ಗೇಟಿನಲ್ಲಿ ಏನೆಂದಳು, ಎಲ್ಲ ಹೇಳಿದೆ. ಆಕೆ ನಗಲಿಲ್ಲ. ನೋಟ್‌ಬುಕ್ ತೆಗೆದು, "ನಿಧಾನವಾಗಿ ಹೇಳಿ, ಅವಳು ಮೊದಲು ಕೇಳಿದ್ದು ಯಾವುದು?" ಎಂದಳು.

ಅತ್ತಿಗುಪ್ಪೆ ದಾಟುವವರೆಗೂ ನಾನು ಹೇಳುತ್ತಿದ್ದೆ, ಆಕೆ ಬರೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನು ಆಕೆ ಮತ್ತೆ ಕೇಳಲಿಲ್ಲ. ನಾನು ಕಿಟಕಿಯಿಂದ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಕಡೆಗೆ ನೋಡಿದೆ. ಮನೆಗಳ ಮೇಲೆ ಮನೆ, ನೀರಿನ ಟ್ಯಾಂಕುಗಳು, ಅವುಗಳಾಚೆ ಎಲ್ಲೋ ಸೀರೆ ಹೊದ್ದ ಆ ಯಂತ್ರ ಆ ಕೋಣೆಯಲ್ಲಿ ತನ್ನ ಕೊನೆಯ ರಾತ್ರಿಗೆ ಕಾಯುತ್ತಿತ್ತು. ಪವಿತ್ರಳ ಮೆಸೇಜ್ ಬಂತು: "ಮಿಸ್, ನೀವೇನೂ ಹೇಳ್ಲಿಲ್ಲ ತಾನೇ?"

"ಇಲ್ಲಮ್ಮ. ಎಲ್ಲ ಕಲ್ಲವ್ವಾನೇ ಹೇಳಿದ್ಲು" ಎಂದು ಬರೆದೆ.